ಝೂಕೊ ಮತ್ತು ಓಝಾಯ್: ತಂದೆ ಮಗನ ನಡುವೆ ರಾಜಿಯೇ ಆಗದ ಮುಕ್ತಾಯ ಸರಿಯೇ?

ತುಂಗಾತೀರ (ಪ್ರಶ್ನೆ)

ಬಳಗದ ಎಲ್ಲರಿಗೂ ನಮಸ್ಕಾರ.

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಆನಿಮೇಷನ್ ಧಾರಾವಾಹಿಯನ್ನು ನನ್ನ 11 ವರ್ಷದ ಮಗನ ಜೊತೆ ಕುಳಿತು ಕಳೆದ ಭಾನುವಾರ ನೋಡಿ ಮುಗಿಸಿದೆ. 2005ರಿಂದ 2008ರವರೆಗೆ ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 61 ಕಂತುಗಳಾಗಿ ಬಂದ ಈ ಕಥೆಯನ್ನು ಮಗನಿಗಾಗಿ ಆರಂಭಿಸಿದವನು ನಾನು. ಆದರೆ ಮೊದಲ ಕಾಂಡದ 12ನೆಯ ಕಂತಿನ ನಂತರ ಅದನ್ನು ನನಗಾಗಿಯೇ ನೋಡತೊಡಗಿದೆ.

ಆ ಕಂತನ್ನು ನೋಡಿದವರಿಗೆ ನೆನಪಿರಬಹುದು. ಅಗ್ನಿರಾಜ್ಯದ ದೊರೆ ಓಝಾಯ್‌ನ ಯುದ್ಧಸಭೆಯಲ್ಲಿ ಸೇನಾಪತಿಯೊಬ್ಬ ಹೊಸದಾಗಿ ಸೇರಿದ ಸೈನಿಕರ ಒಂದು ಇಡೀ ದಳವನ್ನು ಶತ್ರುವಿನ ಮುಂದೆ ಎರೆಯಾಗಿ ಇಡೋಣ ಎನ್ನುತ್ತಾನೆ. 13 ವರ್ಷದ ರಾಜಕುಮಾರ ಝೂಕೊ ಎದ್ದು, ದೇಶವನ್ನು ಪ್ರೀತಿಸುವ ಆ ಹುಡುಗರಿಗೆ ಹೀಗೆ ದ್ರೋಹ ಬಗೆಯುವುದು ಹೇಗೆ ಎಂದು ಕೇಳುತ್ತಾನೆ. ಸಭೆಯಲ್ಲಿ ಬಾಯಿ ಹಾಕಿದ ತಪ್ಪಿಗೆ ಅವನು ‘ಅಗ್ನಿ ಕೈ’ ಎಂಬ ಬೆಂಕಿಯ ದ್ವಂದ್ವಕ್ಕೆ ಇಳಿಯಬೇಕಾಗುತ್ತದೆ. ಎದುರಾಳಿ ಆ ಮುದಿ ಸೇನಾಪತಿಯೇ ಎಂದುಕೊಂಡು ಧೈರ್ಯವಾಗಿ ತಿರುಗಿ ನೋಡಿದರೆ ನಿಂತಿರುವವನು ತಂದೆ. ಹುಡುಗ ಮಂಡಿಯೂರುತ್ತಾನೆ, ಅಳುತ್ತಾನೆ, ಕ್ಷಮೆ ಬೇಡುತ್ತಾನೆ. ತಂದೆ ಅವನ ಮುಖದ ಎಡಭಾಗವನ್ನು ಸುಟ್ಟು, ಗಾಳಿ, ನೀರು, ಭೂಮಿ, ಬೆಂಕಿ ನಾಲ್ಕನ್ನೂ ಪಳಗಿಸಬಲ್ಲ ಒಬ್ಬನೇ ಮನುಷ್ಯನಾದ, ನೂರು ವರ್ಷದಿಂದ ಯಾರ ಕಣ್ಣಿಗೂ ಬೀಳದ ಅವತಾರ್‌ನನ್ನು ಹಿಡಿದು ತರುವ ತನಕ ಮನೆಗೆ ಬರಬೇಡ ಎಂದು ಗಡೀಪಾರು ಮಾಡುತ್ತಾನೆ. ‘ಕೈ’ ಎಂಬ ಪದಕ್ಕೆ ಆ ಲೋಕದಲ್ಲಿ ಯಾವ ಅರ್ಥವಿದೆಯೋ, ಕನ್ನಡದ ಕಿವಿಗೆ ಮಾತ್ರ ಅದು ಬೇರೆಯಾಗಿಯೇ ಕೇಳಿಸುತ್ತದೆ. ಆ ರಾತ್ರಿ ಮಲಗುವ ಮುಂಚೆ ನನ್ನ ಮಗ, “ಅವನು ತಪ್ಪಾಯಿತು ಅಂದನಲ್ಲ, ಆದರೂ ಯಾಕೆ ಸುಟ್ಟ?” ಎಂದು ಎರಡು ಸಲ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ನನ್ನ ತಂದೆಗೂ ನನಗೂ ಮಾತು ಕಡಿಮೆ. ಅವರು ಆರಿಸಿದ ಓದನ್ನು ನಾನು ಅರ್ಧಕ್ಕೆ ಬಿಟ್ಟು ಬಂದ ವರ್ಷದಿಂದ, ಹಬ್ಬಕ್ಕೆ ಊರಿಗೆ ಹೋದರೂ ನಮ್ಮಿಬ್ಬರ ಮಾತೆಲ್ಲ ಅಮ್ಮನ ಮೂಲಕವೇ ನಡೆಯುತ್ತದೆ. ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದರೂ “ಅವನಿಗೆ ಊಟಕ್ಕೆ ಏಳಲು ಹೇಳು” ಎಂದು ಅಡುಗೆಮನೆಯ ಕಡೆಗೆ ತಿರುಗಿ ಹೇಳುತ್ತಾರೆ. ಅವರು ಎಂದೂ ನನ್ನ ಮೇಲೆ ಕೈ ಎತ್ತಿದವರಲ್ಲ. ಓಝಾಯ್‌ಗೂ ಅವರಿಗೂ ಹೋಲಿಕೆ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೂ ಕಥೆ ಮುಂದುವರಿದಂತೆ, ಕೊನೆಯ ಕಂತಿನಲ್ಲಿ ಆ ತಂದೆ ಮಗ ಒಂದಾಗುತ್ತಾರೆ, ಕನಿಷ್ಠಪಕ್ಷ ತಂದೆ ತಲೆ ತಗ್ಗಿಸುತ್ತಾನೆ ಎಂದು ಕಾಯುತ್ತಾ ಕುಳಿತಿದ್ದೆ. ಹಾಗಾಗಲಿಲ್ಲ. ಕೊನೆಗೆ ಝೂಕೊ ಪಟ್ಟಕ್ಕೇರಿದ ಮೇಲೆ ಸೆರೆಮನೆಗೆ ಹೋಗಿ, ಸೋತು ಸೆರೆಯಾದ ತಂದೆಯ ಎದುರು ನಿಲ್ಲುತ್ತಾನೆ, ಹಿಂದೆಯೇ ಕಾಣೆಯಾಗಿದ್ದ ತಾಯಿ ಎಲ್ಲಿ ಎಂದು ಕೇಳುತ್ತಾನೆ, ದೃಶ್ಯ ಅಲ್ಲಿಗೇ ಮುಗಿಯುತ್ತದೆ.

ಮೂರು ಕಾಂಡಗಳ ಉದ್ದಕ್ಕೂ ಈ ಸಂಬಂಧವನ್ನು ಇಷ್ಟು ಶ್ರದ್ಧೆಯಿಂದ ಕಟ್ಟಿದವರು ಅದನ್ನು ಹೀಗೆ ಬಿಟ್ಟದ್ದು ಕಥೆಯ ಕೊರತೆಯೇ, ಅಥವಾ ನಾನು ಗಮನಿಸದ ಏನಾದರೂ ಅದರಲ್ಲಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಗೆರೆಬಣ್ಣ

ತುಂಗಾತೀರ ಅವರೇ, ಚಿತ್ರ ಬರೆಯುವುದೇ ನನ್ನ ವೃತ್ತಿಯಾದ್ದರಿಂದ ಕಣ್ಣಿಗೆ ಕಂಡದ್ದರಿಂದಲೇ ಆರಂಭಿಸುತ್ತೇನೆ. ಮೊದಲ ಎರಡು ಕಾಂಡಗಳಲ್ಲಿ ಓಝಾಯ್‌ನ ಮುಖವನ್ನು ನಮಗೆ ಸರಿಯಾಗಿ ತೋರಿಸುವುದೇ ಇಲ್ಲ. ಅವನು ಬೆಂಕಿಯ ಪರದೆಯ ಹಿಂದಿನ ನೆರಳು, ಇಲ್ಲವೇ ಬೆನ್ನು, ಇಲ್ಲವೇ ಬರಿಯ ದನಿ. ಮೂರನೆಯ ಕಾಂಡದ ಮೊದಲ ಕಂತಿನಲ್ಲಿ ಝೂಕೊ ಅರಮನೆಗೆ ಮರಳಿ ಮಂಡಿಯೂರಿದಾಗ ಆ ಮುಖ ಬೆಳಕಿಗೆ ಬರುತ್ತದೆ. ನೋಡಿದರೆ ಅದು ರಾಕ್ಷಸನ ಮುಖವಲ್ಲ. ಲಕ್ಷಣವಾದ, ಶಾಂತವಾದ, ಮಗನನ್ನೇ ಹೋಲುವ ಒಬ್ಬ ಗಂಡಸಿನ ಮುಖ. ಅದುವರೆಗೆ ನಾವು ಓಝಾಯ್‌ನನ್ನು ಕಂಡದ್ದು 13 ವರ್ಷದ ಹುಡುಗನ ಭಯದ ಒಳಗಿನಿಂದ ಎಂಬುದು ನನ್ನ ಗ್ರಹಿಕೆ.

ಆ ದೃಶ್ಯದಲ್ಲಿಯೇ ನೀವು ಕಾಯುತ್ತಿದ್ದ ರಾಜಿ ಆಗಿಹೋಗಿದೆ ಎಂಬುದನ್ನು ಗಮನಿಸಬೇಕು. ಓಝಾಯ್ ಮಗನಿಗೆ, ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ ಎನ್ನುತ್ತಾನೆ. ಮೂರು ವರ್ಷ ಸಮುದ್ರ ಅಲೆದು ಝೂಕೊ ಹಂಬಲಿಸಿದ ಮಾತು ಅದೇ. ಆದರೆ ಅದು ಸಿಕ್ಕಿದ್ದು ಅವತಾರ್‌ನನ್ನು ಕೊಂದವನು ಝೂಕೊ ಎಂದು ತಂಗಿ ಅಝೂಲಾ ಹೇಳಿದ ಸುಳ್ಳಿನಿಂದಾಗಿ. ಹುಡುಗನಿಗೆ ಅದು ಗೊತ್ತು. ಕೈಗೆ ಬಂದ ತುತ್ತು ಗಂಟಲಿನಲ್ಲಿ ಇಳಿಯದು ಎನ್ನುತ್ತೇವಲ್ಲ, ಮುಂದಿನ ಕಂತುಗಳಲ್ಲೆಲ್ಲ ಝೂಕೊನ ಸ್ಥಿತಿ ಅದೇ ಆಗಿರುತ್ತದೆ.

ಇನ್ನೊಂದು ಯುದ್ಧಸಭೆಯ ಪ್ರಸಂಗವೂ ಇದೆ. ಅದನ್ನು ಕೊನೆಯ ನಾಲ್ಕು ಕಂತುಗಳ ಮೊದಲನೆಯದರಲ್ಲಿ, ಆ ವೇಳೆಗೆ ತಂದೆಯನ್ನು ಬಿಟ್ಟು ಅವತಾರ್ ಬಳಗ ಸೇರಿದ್ದ ಝೂಕೊ ಗೆಳೆಯರ ಮುಂದೆ ಬಿಡಿಸಿ ಹೇಳುತ್ತಾನೆ. ಅವನು ತಂದೆಯ ಬಲಗಡೆ ಕುಳಿತಿದ್ದಾನೆ. ಶತ್ರುವಾದ ಭೂರಾಜ್ಯದ ಜನರ ಬಗ್ಗೆ ತಂದೆ ಅವನ ಅಭಿಪ್ರಾಯ ಕೇಳುತ್ತಾನೆ. ಅವರು ಗಟ್ಟಿ ಜನ, ಭರವಸೆಯೊಂದಿದ್ದರೆ ಏನನ್ನಾದರೂ ತಾಳಿಕೊಳ್ಳುತ್ತಾರೆ ಎಂದು ಝೂಕೊ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಹಾಗಾದರೆ ಆ ಭರವಸೆಯನ್ನೇ ನಾಶ ಮಾಡೋಣ ಎಂದು ತಂದೆ ಆ ಮಾತನ್ನೇ ಹಿಡಿದುಕೊಳ್ಳುತ್ತಾನೆ. ಅಝೂಲಾ ಎಲ್ಲವನ್ನೂ ಸುಟ್ಟು ಬೂದಿ ಮಾಡೋಣ ಎನ್ನುತ್ತಾಳೆ. ಬೆಂಕಿಯನ್ನು ಪಳಗಿಸುವವರ ಶಕ್ತಿಯನ್ನು ಹೆಚ್ಚಿಸುವ ಧೂಮಕೇತು ಬಂದ ದಿನ ಇಡೀ ಭೂರಾಜ್ಯವನ್ನು ಸುಡುವ ಯೋಜನೆ ಅಲ್ಲಿ ಸಿದ್ಧವಾಗುತ್ತದೆ. ಝೂಕೊ ಬಾಯಿ ಬಿಡುವುದಿಲ್ಲ.

13ನೆಯ ವಯಸ್ಸಿನಲ್ಲಿ ಒಂದು ದಳದ ಪ್ರಾಣಕ್ಕಾಗಿ ಎದ್ದು ನಿಂತ ಹುಡುಗ, 16ನೆಯ ವಯಸ್ಸಿನಲ್ಲಿ ಒಂದು ಇಡೀ ರಾಜ್ಯ ಸುಟ್ಟುಹೋಗುವ ಮಾತು ಕೇಳುತ್ತಾ ಸುಮ್ಮನೆ ಕುಳಿತ. ತಂದೆಯ ಮೆಚ್ಚುಗೆಗೆ ಅವನು ತೆತ್ತ ಬೆಲೆ ಅದು, ಮತ್ತು ಅದನ್ನು ಅವನೇ ನಾಚಿಕೆಯಿಂದ ಒಪ್ಪಿಕೊಳ್ಳುತ್ತಾನೆ. ಇಷ್ಟಾದ ಮೇಲೆ ಕಥೆಯ ಕೊನೆಯಲ್ಲಿ ಮತ್ತೊಂದು ರಾಜಿಯನ್ನು ತಂದಿದ್ದರೆ, ಅದನ್ನು ನಾನು ನಂಬುತ್ತಿರಲಿಲ್ಲ.

ಹಳೇಹೊತ್ತಿಗೆ

ನಾನು ನಿವೃತ್ತ ಅಧ್ಯಾಪಕ. ಮೊಮ್ಮಗಳ ಒತ್ತಾಯಕ್ಕೆ ಈ ಧಾರಾವಾಹಿಯನ್ನು ನೋಡಿದವನು. ಗೆರೆಬಣ್ಣ ಅವರ ವಿವರಣೆಯನ್ನು ಒಪ್ಪುತ್ತಲೇ, ನೋಡುವಾಗ ನನ್ನ ಮನಸ್ಸಿಗೆ ಬಂದ ಒಂದು ಹೋಲಿಕೆಯನ್ನು ಹೇಳಬೇಕೆನಿಸುತ್ತದೆ.

ಕಠೋಪನಿಷತ್ತಿನ ನಚಿಕೇತ ಕೂಡ ತುಂಬಿದ ಸಭೆಯಲ್ಲಿ ತಂದೆಗೆ ಇಷ್ಟವಾಗದ ಸತ್ಯವನ್ನು ಕಂಡ ಹುಡುಗ. ನೀರು ಕುಡಿದು ಮುಗಿದ, ಹುಲ್ಲು ಮೇಯ್ದು ಮುಗಿದ, ಹಾಲು ಕರೆದು ಮುಗಿದ ಗೊಡ್ಡು ಹಸುಗಳನ್ನು ತಂದೆ ದಾನ ಕೊಡುತ್ತಿರುವುದನ್ನು ನೋಡಿ, ನನ್ನನ್ನು ಯಾರಿಗೆ ಕೊಡುತ್ತೀಯಪ್ಪಾ ಎಂದು ಮೂರು ಸಲ ಕೇಳುತ್ತಾನೆ. ತಂದೆ ಸಿಟ್ಟಿನಿಂದ, ನಿನ್ನನ್ನು ಮೃತ್ಯುವಿಗೆ ಕೊಟ್ಟೆ ಎಂದುಬಿಡುತ್ತಾನೆ. ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದು ಪಡೆದ ಮೂರು ವರಗಳಲ್ಲಿ ಆ ಹುಡುಗ ಮೊದಲು ಕೇಳಿದ್ದು ಆತ್ಮವಿದ್ಯೆಯನ್ನಲ್ಲ. ನನ್ನ ತಂದೆಯ ಸಿಟ್ಟು ತಣಿಯಲಿ, ನಾನು ಮರಳಿದಾಗ ಅವನು ನನ್ನನ್ನು ಗುರುತು ಹಿಡಿದು ಮಾತನಾಡಿಸಲಿ ಎಂಬುದು ಅವನ ಮೊದಲ ವರ. ತುಂಗಾತೀರ ಅವರ ಪ್ರಶ್ನೆಯಲ್ಲಿ ಅಡುಗೆಮನೆಯ ಕಡೆಗೆ ತಿರುಗಿ ಮಾತನಾಡುವ ತಂದೆಯ ಬಗ್ಗೆ ಓದಿದಾಗ ನನಗೆ ಆ ವರವೇ ನೆನಪಾಯಿತು.

ಝೂಕೊ ಮೂರು ವರ್ಷ ಅಲೆದದ್ದು ಈ ಮೊದಲ ವರಕ್ಕಾಗಿ. ವ್ಯತ್ಯಾಸವಿರುವುದು ತಂದೆಯಂದಿರಲ್ಲಿ. ನಚಿಕೇತನ ತಂದೆಯದು ಒಂದು ಗಳಿಗೆಯ ಸಿಟ್ಟು. ಓಝಾಯ್‌ನದು ಸಿಟ್ಟಲ್ಲ, ಲೆಕ್ಕಾಚಾರ. ಎರಡನೆಯ ಕಾಂಡದಲ್ಲಿ ಝೂಕೊ ಒಬ್ಬನೇ ಅಲೆಯುವ ಕಂತನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಬರುವ ಹಿಂದಿನ ಕಥೆಯಲ್ಲಿ, ಓಝಾಯ್‌ನ ಅಣ್ಣ ಐರೋನ ಒಬ್ಬನೇ ಮಗ ಲು ಟೆನ್ ಯುದ್ಧದಲ್ಲಿ ಸತ್ತ ಸುದ್ದಿ ಬಂದಿದೆ. ಓಝಾಯ್ ಆ ಸಾವನ್ನೇ ಹಿಡಿದು, ಅಣ್ಣನಿಗೆ ಇನ್ನು ವಾರಸುದಾರನಿಲ್ಲ, ಪಟ್ಟ ನನಗೆ ಬರಲಿ ಎಂದು ತನ್ನ ತಂದೆ ಅಝುಲಾನ್‌ನ ಮುಂದೆ ಬೇಡುತ್ತಾನೆ. ಅದಕ್ಕೆ ಅಝುಲಾನ್ ಕೆರಳಿ, ಮೊದಲ ಮಗನನ್ನು ಕಳೆದುಕೊಳ್ಳುವ ನೋವು ಏನೆಂದು ನೀನೂ ತಿಳಿಯಬೇಕು ಎನ್ನುತ್ತಾನೆ. ಅಂದರೆ ಆ ಮನೆಯಲ್ಲಿ ಮಗನೆಂಬುವನು ತಂದೆಯಾದವನ ಕೈಯ ದಾಳ. ಓಝಾಯ್ ಕೂಡ ಅಂಥ ಮನೆಯಲ್ಲೇ ಬೆಳೆದವನು, ಆದರೆ ಅದು ಅವನ ಕೃತ್ಯಕ್ಕೆ ಕ್ಷಮೆಯಾಗಲಾರದು, ಏಕೆಂದರೆ ಅದೇ ತಂದೆಯ ಹಿರಿಯ ಮಗ ಐರೋ ಬೇರೆ ದಾರಿ ಹಿಡಿದ.

ಅಂದು ರಾತ್ರಿ ತಾಯಿ ಉರ್ಸಾ ಮಗನನ್ನು ಎಬ್ಬಿಸಿ, ತಾನು ಮಾಡಿದ್ದೆಲ್ಲವೂ ಅವನಿಗಾಗಿ ಎಂದು ಹೇಳಿ ಕಾಣೆಯಾಗುತ್ತಾಳೆ. ಬೆಳಗ್ಗೆ ಹುಡುಗ ಅರಮನೆಯೆಲ್ಲ ಹುಡುಕಿ, ಕೊಳದ ಬಳಿ ಬೆನ್ನು ಮಾಡಿ ನಿಂತ ತಂದೆಯನ್ನು ಅಮ್ಮ ಎಲ್ಲಿ ಎಂದು ಕೇಳುತ್ತಾನೆ. ತಂದೆ ತಿರುಗುವುದೂ ಇಲ್ಲ, ಉತ್ತರಿಸುವುದೂ ಇಲ್ಲ. ಕೊನೆಯ ಕಂತಿನ ಸೆರೆಮನೆಯಲ್ಲಿ ಝೂಕೊ ಕೇಳುವುದು ಅದೇ ಪ್ರಶ್ನೆಯನ್ನು. ಆಗ ಬೆನ್ನಿಗೆ ಕೇಳಿದ್ದನ್ನು ಈಗ ಮುಖಕ್ಕೆ ಕೇಳುತ್ತಾನೆ. ನೀವು ಅರ್ಧಕ್ಕೆ ಬಿಟ್ಟಂತಿದೆ ಎಂದ ದೃಶ್ಯ ನನಗೆ ತುಂಬ ಹಿಂದೆ ಅರ್ಧಕ್ಕೆ ನಿಂತಿದ್ದ ಮಾತು ಮುಂದುವರಿದಂತೆ ಕಂಡಿತು.

ಮಳೆಬಿಲ್ಲು

ಹಿರಿಯರಾದ ಹಳೇಹೊತ್ತಿಗೆ ಅವರ ಮಾತಿನ ಕೊನೆಯ ಭಾಗ ನನಗೆ ಬಹಳ ಹಿಡಿಸಿತು. ಆದರೆ ಐರೋ ಬೇರೆ ದಾರಿ ಹಿಡಿದ ಎಂಬಲ್ಲಿ ನನ್ನದೊಂದು ತಕರಾರಿದೆ. ಈ ಚರ್ಚೆಗಳಲ್ಲಿ ಐರೋನನ್ನು ಒಳ್ಳೆಯ ತಂದೆಯೆಂದೂ ಓಝಾಯ್‌ನನ್ನು ಕೆಟ್ಟ ತಂದೆಯೆಂದೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ಮುಗಿಸಿಬಿಡುತ್ತೇವೆ. ಧಾರಾವಾಹಿ ಮಾತ್ರ ಹಾಗೆ ಮಾಡಿಲ್ಲ.

ಆ ಮೊದಲ ಯುದ್ಧಸಭೆಯ ಬಾಗಿಲಲ್ಲಿ ಕಾವಲುಗಾರರು ಝೂಕೊನನ್ನು ತಡೆದಾಗ ಅವನನ್ನು ಒಳಗೆ ಕರೆದುಕೊಂಡು ಹೋದವನು ಐರೋ. ಬಾಯಿ ತೆರೆಯಬಾರದು ಎಂಬ ಒಂದೇ ಒಂದು ಷರತ್ತು ಹಾಕಿ ಕರೆದೊಯ್ದ. ದ್ವಂದ್ವದ ದಿನ ಅವನು ನೋಡುವವರ ಸಾಲಿನಲ್ಲಿಯೇ ಕುಳಿತಿದ್ದ, ಬೆಂಕಿ ಹಾರುವ ಕ್ಷಣದಲ್ಲಿ ಮುಖ ಆಚೆ ತಿರುಗಿಸಿದ. ಆ ಕಥೆಯನ್ನು ಹಡಗಿನ ಸಿಬ್ಬಂದಿಗೆ ಹೇಳುವಾಗ ತಾನು ನೋಡಲಿಲ್ಲ ಎಂಬುದನ್ನು ಅವನೇ ಮುಚ್ಚಿಡದೆ ಹೇಳುತ್ತಾನೆ. ಅದಕ್ಕೂ ಮೊದಲು ಭೂರಾಜ್ಯದ ರಾಜಧಾನಿ ಬಾ ಸಿಂಗ್ ಸೇ ನಗರವನ್ನು 600 ದಿನ ಮುತ್ತಿಗೆ ಹಾಕಿ ಕುಳಿತಿದ್ದ ಸೇನಾಪತಿಯೂ ಅವನೇ, ಮಗ ಸತ್ತ ಮೇಲೆ ಮುತ್ತಿಗೆ ಬಿಟ್ಟು ಎದ್ದು ಬಂದವನೂ ಅವನೇ. ಅದೇ ನಗರದ ಗುಡ್ಡದ ಮೇಲೆ, ಒಂದು ಮರದ ಕೆಳಗೆ ಮಗನ ಚಿತ್ರವಿಟ್ಟು ಧೂಪ ಹಚ್ಚಿ ಹಾಡುತ್ತಾ ಅವನು ಅಳುವ ಕಂತನ್ನು, ಐರೋಗೆ ದನಿ ಕೊಟ್ಟಿದ್ದ ಮಾಕೊ ಅವರು 2006ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಅರ್ಪಿಸಲಾಯಿತು. ಝೂಕೊನ ಜೊತೆ ಗಡೀಪಾರಿಗೆ ಹೊರಟ ಐರೋ, ಕಳೆದುಕೊಂಡ ಮಗನ ದುಃಖವನ್ನೂ ಉಳಿಸದೇ ಹೋದ ಇನ್ನೊಬ್ಬ ಮಗನ ಋಣವನ್ನೂ ಹೊತ್ತುಕೊಂಡೇ ಹೊರಟವನು ಎಂದು ನನಗನ್ನಿಸುತ್ತದೆ.

ಅವನು ಆ ಋಣವನ್ನು ತೀರಿಸಿದ ಬಗೆಯನ್ನು ಎರಡನೆಯ ಕಾಂಡದಲ್ಲಿ ಮಿಂಚನ್ನು ಹಾಯಿಸುವ ಪಾಠದಲ್ಲಿ ಕಾಣಬಹುದು. ಎದುರಾಳಿ ಎಸೆದ ಮಿಂಚನ್ನು ಬೆರಳ ತುದಿಯಿಂದ ಒಳಗೆ ತೆಗೆದುಕೊಂಡು, ತೋಳಿನಿಂದ ಭುಜಕ್ಕೆ, ಅಲ್ಲಿಂದ ಕೆಳಗೆ ಹೊಟ್ಟೆಗೆ ಇಳಿಸಿ, ಮತ್ತೆ ಮೇಲಕ್ಕೆತ್ತಿ ಇನ್ನೊಂದು ಕೈಯಿಂದ ಹೊರಗೆ ಬಿಡಬೇಕು, ಹೃದಯವನ್ನು ಮಾತ್ರ ಮುಟ್ಟಲು ಬಿಡಬಾರದು ಎಂದು ಅವನು ಕಲಿಸುತ್ತಾನೆ. ನೀರನ್ನು ಪಳಗಿಸುವವರನ್ನು ನೋಡಿ, ಅಂದರೆ ಶತ್ರುಗಳೆಂದು ಕರೆಯಲಾದವರನ್ನು ನೋಡಿ, ಅವನು ಕಂಡುಕೊಂಡ ವಿದ್ಯೆ ಅದು. ಝೂಕೊ ಆ ವಿದ್ಯೆಯನ್ನು ಮೊದಲ ಬಾರಿಗೆ ನಿಜವಾಗಿ ಬಳಸುವುದು ಯಾರ ಎದುರಿಗೆ ಎಂದು ನೆನಪಿದೆಯೇ? ಬೆಂಕಿಯನ್ನು ಪಳಗಿಸುವವರ ಶಕ್ತಿ ಇಲ್ಲವಾಗುವ ಸೂರ್ಯಗ್ರಹಣದ ದಿನ, ತನ್ನ ತಂದೆಯ ಎದುರಿಗೆ. ಮಗುವಿನೊಡನೆ ದ್ವಂದ್ವಕ್ಕೆ ಇಳಿದದ್ದು ಕ್ರೌರ್ಯ, ಅದು ತಪ್ಪು ಎಂದು ಅವನು ಅಳುಕದೆ ಹೇಳುತ್ತಾನೆ. ತನಗೆ ನಿಜವಾದ ತಂದೆಯಾಗಿದ್ದವನು ಐರೋ ಎನ್ನುತ್ತಾನೆ. ಅವನು ಹೊರಡಲು ತಿರುಗಿದಾಗ, ಗ್ರಹಣ ಮುಗಿಯುವ ತನಕ ತಡೆದು ನಿಲ್ಲಿಸಿಕೊಳ್ಳುವುದಕ್ಕಾಗಿ ಓಝಾಯ್ ತಾಯಿಯ ಸುದ್ದಿ ಎತ್ತುತ್ತಾನೆ. ಗ್ರಹಣ ಬಿಟ್ಟ ಕ್ಷಣವೇ ಮಗನ ಮೇಲೆ ಮಿಂಚು ಎಸೆಯುತ್ತಾನೆ. ಆ ಮಿಂಚು ಮಗನ ಹೃದಯವನ್ನು ಮುಟ್ಟದೆ ಹಿಂದಿರುಗುತ್ತದೆ.

ತುಂಗಾತೀರ ಅವರೇ, ನೀವು ಕಾದಿದ್ದ ತಂದೆ ಮಗನ ಭೇಟಿ ಆಗಿದೆ, ಆದರೆ ಸೆರೆಮನೆಯಲ್ಲಲ್ಲ, ಬಾ ಸಿಂಗ್ ಸೇ ಗೋಡೆಯ ಹೊರಗಿನ ಒಂದು ಡೇರೆಯಲ್ಲಿ. ಎರಡನೆಯ ಕಾಂಡದ ಕೊನೆಯಲ್ಲಿ ದೊಡ್ಡಪ್ಪನಿಗೇ ಕೈಕೊಟ್ಟು ಅವನು ಸೆರೆಗೆ ಹೋಗುವಂತೆ ಮಾಡಿದವನು ಝೂಕೊ. ಈಗ ನಿದ್ದೆಯಲ್ಲಿರುವ ಐರೋನ ಎದುರು ರಾತ್ರಿಯೆಲ್ಲ ಕಾದು ಕುಳಿತು, ಅವನು ಎದ್ದಾಗ ಅಳುತ್ತಾ ಕ್ಷಮೆ ಕೇಳತೊಡಗುತ್ತಾನೆ. ವಾಕ್ಯ ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ಅಪ್ಪಿಕೊಳ್ಳುತ್ತಾನೆ. ನಿನ್ನ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ, ನೀನು ದಾರಿ ತಪ್ಪಿದೆಯೇನೋ ಎಂಬ ದುಃಖವಿತ್ತು ಎನ್ನುತ್ತಾನೆ. ಮಂಡಿಯೂರಿ ಕ್ಷಮೆ ಬೇಡುವ ಹುಡುಗನೆಡೆಗೆ ಹಿರಿಯನೊಬ್ಬನ ಕೈ ಚಾಚುವುದು ಇದು ಎರಡನೆಯ ಸಲ. ನಿಮ್ಮ ಮಗನ ಪ್ರಶ್ನೆಗೆ ನನ್ನ ಉತ್ತರವಿದ್ದರೆ ಅದು ಈ ದೃಶ್ಯದಲ್ಲಿದೆ.

ಒಂದೇ ಒಂದು ಮಾತು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಗಡೀಪಾರು ಮಾಡಿದ್ದೇ ನೀನು ನನಗೆ ಮಾಡಿದ ದೊಡ್ಡ ಉಪಕಾರ ಎಂಬ ಅರ್ಥದ ಮಾತನ್ನು ಸೆರೆಮನೆಯಲ್ಲಿ ಝೂಕೊ ಓಝಾಯ್‌ಗೆ ಹೇಳುತ್ತಾನೆ. ಪೆಟ್ಟು ತಿಂದದ್ದಕ್ಕೇ ನಾವು ಮನುಷ್ಯರಾದೆವು ಎನ್ನುವ ಎಷ್ಟೋ ಜನರನ್ನು ನಮ್ಮ ಮನೆಗಳಲ್ಲಿ ಕಂಡಿದ್ದೇನೆ, ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಝೂಕೊ ಮನುಷ್ಯನಾಗಿ ಉಳಿದದ್ದು ಸುಟ್ಟಿದ್ದರಿಂದಲ್ಲ. ಐರೋ ಆ ಕಥೆ ಹೇಳುವ ಕಂತಿನಲ್ಲಿಯೇ, ಬಿರುಗಾಳಿಯಲ್ಲಿ ಮೇಲೆ ಜೋತುಬಿದ್ದ ಚುಕ್ಕಾಣಿಗಾರನನ್ನು ಉಳಿಸಲು ಅವನು ಏಣಿ ಹತ್ತುತ್ತಾನೆ, ಕಣ್ಣೆದುರು ಅವತಾರ್ ಹಾರಿಹೋಗುತ್ತಿದ್ದರೂ ಮೊದಲು ಹಡಗನ್ನು ಕಾಪಾಡಿ ಎನ್ನುತ್ತಾನೆ. ಯಾವ ಗುಣಕ್ಕಾಗಿ ತಂದೆ ಅವನನ್ನು ಸುಟ್ಟನೋ ಆ ಗುಣ ಸುಡದೆ ಉಳಿದಿತ್ತು, ಅಷ್ಟೇ.

ಕಾಗದದೋಣಿ

ಎಲ್ಲರ ವಿವರಣೆಗೂ ಧನ್ಯವಾದಗಳು. ಒಂದು ಮಾಹಿತಿಯನ್ನು ಸೇರಿಸುವುದಷ್ಟೇ ನನ್ನ ಉದ್ದೇಶ. ಧಾರಾವಾಹಿಯ ನಂತರದ ಕಥೆಯನ್ನು ಚಿತ್ರಕಥೆ ಪುಸ್ತಕಗಳಾಗಿ ಮುಂದುವರಿಸಿದ್ದಾರೆ. 2012ರಲ್ಲಿ ಬಂದ ಅದರ ಮೊದಲ ಸರಣಿಯಲ್ಲಿ ದೊರೆಯಾದ ಝೂಕೊಗೆ ರಾತ್ರಿ ನಿದ್ದೆ ಬರುವುದಿಲ್ಲ. ರಾಜ್ಯದ ಕಷ್ಟಗಳಿಗೆ ದಾರಿ ಕಾಣದಾಗ ಅವನು ಯಾರಿಗೂ ಹೇಳದೆ ಸೆರೆಮನೆಗೆ ಹೋಗಿ ಓಝಾಯ್‌ನ ಸಲಹೆ ಕೇಳತೊಡಗುತ್ತಾನೆ, ಜೊತೆಗೆ ಚಹಾ ತೆಗೆದುಕೊಂಡು ಹೋಗುತ್ತಾನೆ. ಚಹಾ ಎಂದರೆ ಆ ಕಥೆಯಲ್ಲಿ ಐರೋನ ಗುರುತು ಎಂಬುದು ನೋಡಿದವರಿಗೆಲ್ಲ ಗೊತ್ತು. ಅದನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ಅಷ್ಟೆಲ್ಲ ಅರಿತ ಮೇಲೂ ಮಗನಾದವನು ಆ ಬಾಗಿಲಿಗೇ ಹೋಗುತ್ತಾನಲ್ಲ ಎಂದು ಬೇಸರಪಟ್ಟೆ. ಈಗ ಯೋಚಿಸಿದರೆ, ಸೆರೆಮನೆಯ ಆ ದೃಶ್ಯವನ್ನು ಮುಗಿಸದೆ ಬಿಟ್ಟದ್ದು ಇದಕ್ಕಾಗಿಯೇ ಇರಬಹುದು. ಹಾಗೆಯೇ ತಾಯಿಯ ಪ್ರಶ್ನೆಗೆ ಅದರ ಮುಂದಿನ ಸರಣಿಯಲ್ಲಿ ಉತ್ತರವಿದೆ. ಅದನ್ನು ಇಲ್ಲಿ ಹೇಳಿ ಓದುವವರ ಕುತೂಹಲವನ್ನು ಕೆಡಿಸುವುದಿಲ್ಲ.

ತುಂಗಾತೀರ

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ನಾನು ಋಣಿ. ಎರಡನೆಯ ಯುದ್ಧಸಭೆಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನಾನು ನೋಡಿಯೇ ಇರಲಿಲ್ಲ. ಕೊಳದ ಬಳಿಯ ಪ್ರಶ್ನೆಯೇ ಸೆರೆಮನೆಯ ಪ್ರಶ್ನೆ ಎಂಬುದೂ ಹೊಳೆದಿರಲಿಲ್ಲ. ಇನ್ನು ಅದನ್ನು ಕೊರತೆ ಎನ್ನಲಾರೆ. ಮಳೆಬಿಲ್ಲು ಅವರ ತಕರಾರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಪೆಟ್ಟಿನ ಬಗೆಗಿನ ಆ ಮಾತನ್ನು ಮಗನ ಎದುರು ನಾನೂ ಒಂದೆರಡು ಸಲ ಆಡಿದ್ದುಂಟು.

ನಿನ್ನೆ ರಾತ್ರಿ ಡೇರೆಯ ದೃಶ್ಯವನ್ನು ಮಗನಿಗೆ ಮತ್ತೆ ಹಾಕಿ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ” ಎಂದ. ಆಮೇಲೆ ಈ ದೀಪಾವಳಿಗೆ ಊರಿಗೆ ಹೋದಾಗ ಅಜ್ಜನಿಗೂ ಮೊದಲ ಕಂತಿನಿಂದ ತೋರಿಸೋಣವೇ ಎಂದು ಕೇಳಿದ. ಅಜ್ಜನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಪಕ್ಕದಲ್ಲಿ ಕುಳಿತು ಯಾರಾದರೂ ಕನ್ನಡದಲ್ಲಿ ಹೇಳುತ್ತಿರಬೇಕಾಗುತ್ತದೆ ಎಂದೆ. ಹಾಗಾದರೆ ನೀನೇ ಹೇಳಪ್ಪ ಎಂದ. ಆಗಲಿ ಎಂದು ಒಪ್ಪಿಕೊಂಡಿದ್ದೇನೆ.